ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಗೆರೆ ಹಾಕೋ ಸಾಮಾನು: ಎರಡು ಗೂಟ, ಎರಡು ಮೊಳೆ ಇರೋ ಈ ಕೋಲು ಏನು?

ಬೈಲಹೊಂಗಲ_ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಬಡಿಗರು. ಬೈಲಹೊಂಗಲ ಸುತ್ತಿನ ಹಳ್ಳಿಗಳಲ್ಲಿ ಚಕ್ಕಡಿ, ಕೂರಿಗೆ, ಬಾಗಿಲ ಚೌಕಟ್ಟು ಮಾಡಿಕೊಡುತ್ತಿದ್ದರು. ಅಪ್ಪ ನೌಕರಿಗೆ ಸೇರಿದರು, ನಾನೂ ಅದೇ ದಾರಿ ಹಿಡಿದೆ. ಅಜ್ಜ ಹೋದ ಮೇಲೆ ಅವರ ಪೆಟ್ಟಿಗೆ ಅಟ್ಟ ಸೇರಿತು. ಈ ಸಲ ದೀಪಾವಳಿಗೆ ಸುಣ್ಣ ಬಳಿಯಲು ಅದನ್ನ ಕೆಳಗಿಳಿಸಿದೆವು.

ಉಳಿ, ಬಾಚಿ, ಗರಗಸ, ಬೈರಿಗೆ ನನಗೆ ಗೊತ್ತಾದವು. ಕೊಡತಿ ಅಂತೂ ನಾನು ಸಣ್ಣವನಿದ್ದಾಗ ಆಡಿದ್ದೇ. ಆದರೆ ಒಂದು ಹಳೇ ಧೋತರದ ತುಂಡಿನಲ್ಲಿ ಬೇರೆಯಾಗಿ ಸುತ್ತಿಟ್ಟ ಸಾಮಾನು ಇವೆ. ಕತ್ತರಿಸೋ ಕೆಲಸದವು ಅಲ್ಲ, ಗೆರೆ ಹಾಕೋವು ಅನ್ನಿಸುತ್ತೆ.

ಮೂರು ಕೋಲುಗಳ ಮೇಲೆ ಜಾರುವ ಮರದ ದಿಮ್ಮಿ ಇದೆ. ಒಂದಕ್ಕೆ ಒಂದೇ ಮೊಳೆ, ಒಂದಕ್ಕೆ ಮೊಳೆ ಬದಲು ಸಣ್ಣ ಅಲಗು. ಮೂರನೆಯದು ಕಪ್ಪು ಮರ, ಹಿತ್ತಾಳೆ ಪಟ್ಟಿ, ಎರಡು ಮೊಳೆ. ಒಂದು ಮೂಲೆಮಟ್ಟ, ಒಂದು ಕಬ್ಬಿಣದ ಕೈವಾರ. ಕೆಮ್ಮಣ್ಣು ಮೆತ್ತಿದ ದಾರದ ಉಂಡೆ.

ಕೊನೆಗೆ ಈ ಕೋಲು. ಸುಮಾರು ಒಂದು ಅಡಿ ಉದ್ದ, ಜಾಲಿ ಮರ ಇರಬೇಕು. ಎರಡು ತುದಿಗೆ ಎರಡು ಗೂಟ ಕೆಳಮುಖವಾಗಿ ಇವೆ. ನಡುವೆ ಚೂಪಾದ ಎರಡು ಮೊಳೆ. ಜಾರೋದು, ತಿರುಗೋದು ಏನೂ ಇಲ್ಲ. ಇದು ಏನು?

ಗುಜರಿಯವನು ಬಂದಿದ್ದ. ಇಡೀ ಪೆಟ್ಟಿಗೆಗೆ 600 ರೂಪಾಯಿ ಅಂದ. ಅವ್ವ ಕೊಡಬೇಡ ಅಂದಳು. ನನಗೂ ಮನಸ್ಸಿಲ್ಲ, ಆದರೆ ಏನು ಅಂತ ಗೊತ್ತಿಲ್ಲದೆ ಇಟ್ಟುಕೊಂಡು ಏನು ಮಾಡಲಿ ಅನ್ನೋ ಕೊರಗು.

ಐಟಿಐ_ಮಾಸ್ತರ, ವಿಜಯಪುರ

ತಮ್ಮಾ, ಮೊದಲು ಅವ್ವನಿಗೆ ನನ್ನ ನಮಸ್ಕಾರ ಹೇಳು. ಪೆಟ್ಟಿಗೆ ಕೊಡಬೇಡ.

ಜಾರುವ ದಿಮ್ಮಿಯ ಮೂರೂ ಮಾರ್ಕಿಂಗ್ ಗೇಜ್ ಜಾತಿಯವು. ಹಿಂದಿ ಮಾತಾಡೋ ಮಿಸ್ತ್ರಿಗಳು ಖತ್‌ಕಶ್ ಅಂತಾರೆ. ಖತ್ ಅಂದರೆ ಗೆರೆ, ಕಶ್ ಅಂದರೆ ಎಳೆಯುವುದು. ಹೆಸರಿನಲ್ಲೇ ಕೆಲಸ ಇದೆ. ದಿಮ್ಮಿಯನ್ನ ಹಲಗೆಯ ಅಂಚಿಗೆ ಒತ್ತಿ ಎಳೆದರೆ, ಅಂಚಿಗೆ ಸಮವಾಗಿ ಗೀರು ಬೀಳುತ್ತೆ. ಅಂಚು ಎಲ್ಲಿ ಹೋಗುತ್ತೋ ಗೀರೂ ಅಲ್ಲಿಗೇ ಹೋಗುತ್ತೆ.

ಒಂದೇ ಮೊಳೆ ಇರೋದು ನಾರಿನ ಉದ್ದಕ್ಕೆ ಗೀರಲು. ಅದನ್ನೇ ನಾರಿಗೆ ಅಡ್ಡ ಎಳೆದರೆ ಮೊಳೆ ನಾರನ್ನ ಹರಿಯುತ್ತೆ, ಗೀರು ಜೂಲುಜೂಲಾಗುತ್ತೆ. ಅದಕ್ಕೇ ಅಲಗು ಇರೋ ಎರಡನೆಯದು. ಅದು ನಾರನ್ನ ಕತ್ತರಿಸುತ್ತೆ. ಅಲಗನ್ನ ಹಿಡಿದಿಡಲು ಸಣ್ಣ ಬೆಣೆ ಇದೆಯಾ ನೋಡು, ಕಳೆದುಕೊಳ್ಳಬೇಡ. ಎರಡು ಮೊಳೆಯದು ಚೌಕಟ್ಟಿನ ಕಚ್ಚಿಗೆ, ಅಂದರೆ ಎರಡು ಮರ ಒಂದಕ್ಕೊಂದು ಕೂಡುವ ಜಾಗಕ್ಕೆ. ಉಳಿಯ ಅಗಲಕ್ಕೆ ಎರಡು ಮೊಳೆ ಹೊಂದಿಸಿಕೊಂಡರೆ ತೂತಿಗೂ ಅದರಲ್ಲಿ ಕೂಡುವ ನಾಲಿಗೆಗೂ ಒಂದೇ ಅಳತೆಯಲ್ಲಿ ಜೋಡಿ ಗೀರು ಸಿಗುತ್ತೆ. ಅಳತೆಪಟ್ಟಿ ಮುಟ್ಟೋ ಹಾಗೇ ಇಲ್ಲ.

36 ವರ್ಷ ಪಾಠ ಮಾಡಿದೆ. ಹುಡುಗರು ಪೆನ್ಸಿಲ್ ಗೆರೆ ಹಾಕಿ ಉಳಿ ಇಡುತ್ತಿದ್ದರು. ಪೆನ್ಸಿಲ್ ಗೆರೆಗೆ ಅರ್ಧ ಮಿಲಿಮೀಟರ್ ದಪ್ಪ ಇರುತ್ತೆ. ಉಳಿ ಗೆರೆಯ ಈ ಕಡೆಯೋ, ಆ ಕಡೆಯೋ, ನಡುವೆಯೋ? ಗೀರು ಹಾಕಿದರೆ ಆ ಪ್ರಶ್ನೆಯೇ ಇಲ್ಲ. ಗೀರು ಒಂದು ಸಣ್ಣ ಕಾಲುವೆ. ಉಳಿಯ ಬಾಯಿ ತಾನಾಗಿ ಅದರಲ್ಲಿ ಕೂರುತ್ತೆ, ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತಾಗುತ್ತೆ.

ಗೂಟದ ಕೋಲಿನ ಅಳತೆ ಬರೆ. ಗೂಟದ ಒಳಮೈಯಿಂದ ಮೊಳೆಗೆ ಎಷ್ಟು, ಮೊಳೆಯಿಂದ ಮೊಳೆಗೆ ಎಷ್ಟು. ನನಗೊಂದು ಅನುಮಾನ ಇದೆ, ಅಳತೆ ನೋಡಿ ಹೇಳುತ್ತೇನೆ.

ಖಾನಾಪುರ_ಕಾಡಂಚು

ಆ ಕಪ್ಪು ಮರದ ಗೇಜಿನ ಮೇಲೆ ಏನಾದರೂ ಅಚ್ಚು ಇದೆಯಾ? ದಿಮ್ಮಿಯ ಹಿಂಭಾಗ ಅಥವಾ ಕೋಲಿನ ತುದಿ ನೋಡಿ. ಓರೆ ಬೆಳಕು ಬಿಟ್ಟರೆ ಕಾಣುತ್ತೆ.

ಬೈಲಹೊಂಗಲ_ಮೊಮ್ಮಗ

ಇದೆ! ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದ ಮೇಲೆ ಕಂಡಿತು. ಇಂಗ್ಲಿಷಿನಲ್ಲಿ ಮಾರ್ಪಲ್ಸ್, ಶೆಫೀಲ್ಡ್ ಅಂತ ಇದೆ. ಪಕ್ಕದಲ್ಲಿ ಮೂರು ಎಲೆಯ ಗುರುತು.

ಮಾಸ್ತರ್, ಅಳತೆ ತೆಗೆದೆ. ಗೂಟದಿಂದ ಗೂಟಕ್ಕೆ ಒಳಗಿನಿಂದ 12 ಇಂಚು. ಗೂಟದಿಂದ ಮೊದಲ ಮೊಳೆಗೆ ಮೂರೂವರೆ ಇಂಚು, ಮೊಳೆಗಳ ನಡುವೆ 5 ಇಂಚು, ಅಲ್ಲಿಂದ ಇನ್ನೊಂದು ಗೂಟಕ್ಕೆ ಮತ್ತೆ ಮೂರೂವರೆ.

ಖಾನಾಪುರ_ಕಾಡಂಚು

ಆ ಮೂರೆಲೆ ವಿಲಿಯಂ ಮಾರ್ಪಲ್ಸ್ ಅಂಡ್ ಸನ್ಸ್ ಅವರ ಗುರುತು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕಂಪನಿ, 1828ರಲ್ಲಿ ಶುರುವಾದದ್ದು. ಅವರ ಒಳ್ಳೆಯ ಗೇಜುಗಳು ಕರಿಮರದವು ಇಲ್ಲವೇ ಬೀಟೆಯವು. ಬೀಟೆಗೆ ನಮ್ಮ ಕಡೆ ಸೀಸಂ ಅಂತಲೂ ಅಂತಾರೆ. ಸವೆದ ಮೂಲೆಯಲ್ಲಿ ನೇರಳೆ ಕಂದು ಬಣ್ಣ, ಕಪ್ಪು ಎಳೆ ಕಂಡರೆ ಬೀಟೆ. ಪೂರ್ತಿ ಕಪ್ಪಿದ್ದರೆ ಕರಿಮರ.

ಬೀಟೆ ಆಗಿದ್ದರೆ ಒಂದು ವಿಷಯ ಹೇಳಲೇಬೇಕು. ಶೆಫೀಲ್ಡಿನವರು ಸಾಮಾನು ಮಾಡಲು ಬಳಸುತ್ತಿದ್ದ ಬೀಟೆಯಲ್ಲಿ ಹಿಂದೂಸ್ತಾನದ್ದೂ ಇತ್ತು. ಆ ಮರ ಬೆಳೆಯೋದು ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ. ನಾನು ದಿನಾ ನೋಡೋ ಮರ ಹಡಗು ಹತ್ತಿ ಹೋಗಿ, ಹಿತ್ತಾಳೆ ಹಾಕಿಸಿಕೊಂಡು ತಿರುಗಿ ಬಂದು ನಮ್ಮವರ ಕೈಯಲ್ಲಿ ಕೂತದ್ದುಂಟು. ಇದನ್ನ ನೆನೆದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತೆ.

ಇಂಥ ಸಾಮಾನು ಇಲ್ಲಿಗೆ ಬರಲು ರೈಲ್ವೆ ಒಂದು ದಾರಿ. ಹುಬ್ಬಳ್ಳಿ ವರ್ಕ್‌ಶಾಪ್ 1885ರಿಂದ ಇದೆ. ಆಗ ಬೋಗಿಗಳ ಮೈ ಮರದ್ದು, ಬಡಿಗರಿಗೆ ಕೈತುಂಬ ಕೆಲಸ. ನಮ್ಮ ಮುತ್ತಜ್ಜ ಅಲ್ಲೇ ದುಡಿದವರು.

ಒಂದೇ ಬೇಡಿಕೆ. ಪಾಲಿಶ್ ಮಾಡಿಸಬೇಡಿ. ನಮ್ಮ ಮನೆಯಲ್ಲೂ ಇಂಥದೇ ಒಂದು ಗೇಜ್ ಇತ್ತು. ಹೊಳೆಯಲಿ ಅಂತ ಒಂದು ಅಂಗಡಿಗೆ ಕೊಟ್ಟೆ. ಚಕ್ರಕ್ಕೆ ಹಿಡಿದು ಮಿರಿಮಿರಿ ಮಾಡಿಕೊಟ್ಟರು. ಅಚ್ಚು ಹೋಯಿತು. ಮುತ್ತಜ್ಜನ ಹೆಬ್ಬೆರಳು ಕೂತು ಕೂತು ಬಿದ್ದಿದ್ದ ತಗ್ಗೂ ಹೋಯಿತು. ಅಚ್ಚು ಬೇರೆ ಗೇಜಿನಲ್ಲಿ ಸಿಕ್ಕೀತು. ಆ ತಗ್ಗು ಎಲ್ಲಿ ಸಿಗಬೇಕು?

ಮುಧೋಳ_ಚಕ್ಕಡಿ

ಮೂರೂವರೆ, ಐದು, ಮೂರೂವರೆ! ಇದು ಎಂಟು ಮೂಲೆ ತೆಗೆಯೋ ಕೋಲು. ನಮ್ಮ ಕಾಕಾ ಹತ್ತಿರ ಇದೇ ಥರದ್ದು ಇದೆ, ಇನ್ನೂ ಬಳಸುತ್ತಾರೆ.

ನಾಲ್ಕು ಮೂಲೆಯ ಮರವನ್ನ ದುಂಡಗೆ ಮಾಡಬೇಕಾದರೆ ಯಾರೂ ಒಮ್ಮೆಲೇ ದುಂಡಗೆ ಮಾಡಲ್ಲ. ನಾಲ್ಕನ್ನ ಎಂಟು ಮಾಡಬೇಕು, ಎಂಟನ್ನ ಹದಿನಾರು, ಆಮೇಲೆ ರಂದಾ, ಅಂದರೆ ಮರ ಹೆರೆಯೋ ಉಜ್ಜುಗೊರಡು, ಆಡಿಸಿದರೆ ದುಂಡು. ನೊಗ, ಚಕ್ಕಡಿಯ ಮೂಕಿ (ನೊಗದವರೆಗೆ ಚಾಚೋ ಉದ್ದ ಮರ), ಒನಕೆ ಎಲ್ಲ ಹೀಗೇ. ಎಂಟು ಮೂಲೆಯ ಕಂಬ ಬೇಕಿದ್ದರೆ ಎಂಟಕ್ಕೇ ನಿಲ್ಲಿಸೋದು.

ಕೋಲನ್ನ ಮರದ ಮೇಲೆ ಇಡಿ. ಎರಡು ಗೂಟ ಮರದ ಎರಡು ಬದಿಗೆ ತಾಗೋವರೆಗೆ ಕೋಲನ್ನ ಓರೆ ಮಾಡಿ. ಹಾಗೇ ಒತ್ತಿ ಹಿಡಿದು ಉದ್ದಕ್ಕೂ ಎಳೆಯಿರಿ. ಎರಡು ಮೊಳೆ ಎರಡು ಗೀರು ಹಾಕುತ್ತವೆ. ನಾಲ್ಕೂ ಮಗ್ಗುಲಿಗೆ ಹಾಗೇ ಮಾಡಿ. ಈಗ ಎಂಟು ಗೀರು ಆದವು. ಗೀರಿನಿಂದ ಗೀರಿಗೆ ಮೂಲೆ ಹೆರೆದು ತೆಗೆದರೆ ಎಂಟು ಸಮ ಮಗ್ಗುಲು.

ಚಂದ ಏನೆಂದರೆ ಮರ ಒಂದು ತುದಿಗೆ ಸಣ್ಣದಾಗುತ್ತಾ ಹೋದರೂ ಈ ಕೋಲು ಕೆಲಸ ಮಾಡುತ್ತೆ. ಮರ ಕಿರಿದಾದಂತೆ ಕೋಲು ತಾನೇ ಜಾಸ್ತಿ ಓರೆಯಾಗುತ್ತೆ, ಗೀರುಗಳು ತಾವೇ ಹತ್ತಿರ ಬರುತ್ತವೆ. ಮೂಕಿ ತುದಿಗೆ ಸಣ್ಣದಾಗುತ್ತೆ ಅಲ್ವಾ, ಅದಕ್ಕೆ ಮಾರ್ಕಿಂಗ್ ಗೇಜ್ ನಡೆಯಲ್ಲ. ಇದೇ ಬೇಕು.

ಜಮಖಂಡಿ_ಗಣಿತ_ಟೀಚರ್

ಅಣ್ಣಾರೆ, ಓದಿ ಖುಷಿಯಿಂದ ಹಾಳೆ ತಗೊಂಡು ಕೂತೆ. ಲೆಕ್ಕ ಹೇಳಲಾ?

ಚೌಕದಿಂದ ಸಮ ಎಂಟು ಮೂಲೆ ತೆಗೆಯಬೇಕಾದರೆ ಪ್ರತಿ ಬದಿಯನ್ನ 1 : 1.414 : 1 ಆಗಿ ಒಡೆಯಬೇಕು. ನಡುವಿನದು 2ರ ವರ್ಗಮೂಲ. 12 ಇಂಚಿಗೆ ಲೆಕ್ಕ ಹಾಕಿದರೆ 3.515, 4.971, 3.515 ಬರುತ್ತೆ. ಅಜ್ಜನ ಕೋಲಿನಲ್ಲಿ 3.5, 5, 3.5. ತುದಿಯಲ್ಲಿ ವ್ಯತ್ಯಾಸ ಇಂಚಿನ ನೂರರಲ್ಲಿ ಒಂದೂವರೆ ಪಾಲು. ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಪಾಲು. ಈ ವ್ಯತ್ಯಾಸ ಒಂದು ಸೂತಿನ ಎಂಟನೇ ಭಾಗವೂ ಇಲ್ಲ! ಪೂರ್ಣ ಸಂಖ್ಯೆಯಲ್ಲಿ ಹೇಳಿದರೆ 7 : 10 : 7. ಒಟ್ಟು 24. 24 ಸೂತ್ ಅಂದರೆ 3 ಇಂಚು, 24 ಅರ್ಧ ಇಂಚು ಅಂದರೆ 12 ಇಂಚು. ವರ್ಗಮೂಲದ ಗೋಜಿಗೆ ಹೋಗದೆ ಇಂಚುಪಟ್ಟಿಯ ಮೇಲೇ ಲೆಕ್ಕ ಕೂತಿದೆ.

ಓರೆ ಮಾಡಿದರೂ ಪಾಲು ಬದಲಾಗದೆ ಇರೋದು ನಾವು ಹತ್ತನೇ ಕ್ಲಾಸಿನಲ್ಲಿ ಕಲಿಸೋ ಥೇಲ್ಸ್ ಪ್ರಮೇಯವೇ. ಸಮಾಂತರ ಗೆರೆಗಳನ್ನ ಓರೆ ಗೆರೆ ದಾಟಿದಾಗ ಪಾಲುಗಳ ಅನುಪಾತ ಒಂದೇ. ಎಷ್ಟೋ ವರ್ಷದಿಂದ ಬೋರ್ಡಿನ ಮೇಲೆ ತ್ರಿಕೋನ ಬರೆದು ಇದನ್ನ ಕಲಿಸಿದ್ದೇನೆ. ಕೈಯಲ್ಲಿ ಹಿಡಿಯೋ ಸಾಮಾನಾಗಿ ನೋಡಿದ್ದು ಇವತ್ತೇ.

ಒಂದು ಸಂಶಯ. ಗೂಟ ದಪ್ಪ ಇದ್ದರೆ ಅನುಪಾತ ಕೆಡಲ್ವಾ?

ಐಟಿಐ_ಮಾಸ್ತರ, ವಿಜಯಪುರ

ಅಕ್ಕಾರೆ, ಸರಿಯಾಗಿ ಹಿಡಿದಿರಿ. ದುಂಡು ಗೂಟ ದಪ್ಪ ಇದ್ದು, ಮರ ಕೋಲಿಗಿಂತ ತುಂಬ ಕಿರಿದಿದ್ದರೆ ಗೀರು ಅಂಚಿನ ಕಡೆ ಸ್ವಲ್ಪ ಸರಿಯುತ್ತೆ. ಅರ್ಧ ಇಂಚು ದಪ್ಪದ ಗೂಟ ಇಟ್ಟುಕೊಂಡು 12 ಇಂಚಿನ ಕೋಲನ್ನ ಸುಮಾರು 6 ಇಂಚಿನ ಮರದ ಮೇಲೆ ಎಳೆದರೆ 1 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ತಪ್ಪುತ್ತೆ. ಅದಕ್ಕೆ ಎರಡು ಉಪಾಯ. ತೆಳುವಾದ ಗೂಟ ಹಾಕೋದು, ಇಲ್ಲವೇ ಕೆಲಸದ ಅಗಲಕ್ಕೆ ಹತ್ತಿರದ ಕೋಲು ಮಾಡಿಕೊಳ್ಳೋದು.

ಇದು ಎಂಟು ಮೂಲೆಯ ಕೋಲೇ ಅಂತ ನನ್ನ ಅನುಮಾನವೂ ಇತ್ತು, ಚಕ್ಕಡಿಯವರು ಮೊದಲೇ ಹೇಳಿಬಿಟ್ಟರು. ಕೋಲು ಇಲ್ಲದವರು ಕೈವಾರದಿಂದಲೂ ಮಾಡಬಹುದು. ಮರದ ತುದಿಯ ಚೌಕಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಹಾಕಿ. ಮೂಲೆಯಿಂದ ನಟ್ಟನಡುವಿಗೆ ಕೈವಾರ ತೆರೆಯಿರಿ. ಅಷ್ಟೇ ತೆರವಿನಲ್ಲಿ ಪ್ರತಿ ಮೂಲೆಯಿಂದ ಎರಡೂ ಬದಿಗೆ ಗುರುತು ಹಾಕಿ. ಎಂಟು ಗುರುತು ಬಂದವು.

ನಮ್ಮ ಊರಿನ ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡಿ. ಅಲ್ಲೂ ಇದೇ ವಿಚಾರ. ಕೆಳಗೆ ಚೌಕ ಕೋಣೆ, ಒಂದೊಂದು ಬದಿ ಸುಮಾರು 41 ಮೀಟರ್. ಮೇಲೆ ದುಂಡು ಗುಮ್ಮಟ. ನಡುವೆ ಎರಡು ಚೌಕಗಳನ್ನ ಒಂದರ ಮೇಲೊಂದು ತಿರುಗಿಸಿಟ್ಟ ಹಾಗೆ ಎಂಟು ಕಮಾನು ಒಂದನ್ನೊಂದು ದಾಟುತ್ತವೆ. ನಾಲ್ಕು, ಎಂಟು, ದುಂಡು. ನಾನು ಹೊಸ ಹುಡುಗರನ್ನ ಮೊದಲು ಅಲ್ಲಿಗೆ ಕರಕೊಂಡು ಹೋಗುತ್ತಿದ್ದೆ, ಆಮೇಲೆ ಒನಕೆ ಮಾಡಿಸುತ್ತಿದ್ದೆ.

ನವನಗರ_ಹಳೇಮನೆ, ಬಾಗಲಕೋಟೆ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಗೀರಿನ ಮಾತು ಬಂತಲ್ಲ, ಬರೆಯಲೇಬೇಕು ಅನ್ನಿಸಿತು.

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿ ಇತ್ತು. ಆಲಮಟ್ಟಿಯ ಹಿನ್ನೀರಿಗೆ ಹೋದ ಓಣಿ. ಮನೆ ಬಿಚ್ಚುವಾಗ ನಾನು ಕಾಲೇಜು ಹುಡುಗ. ಅಪ್ಪ ಕಲ್ಲು ಬಿಟ್ಟರು, ಮರ ಬಿಡಲಿಲ್ಲ. ತೊಲೆ, ಜಂತಿ, ಕಂಬ, ತಲೆಬಾಗಿಲ ಚೌಕಟ್ಟು, ಎಲ್ಲ ಸಾಗವಾನಿ. ಒಂದೊಂದೇ ಬಿಚ್ಚಿ ನವನಗರಕ್ಕೆ ತಂದೆವು.

ಚೌಕಟ್ಟಿನ ಕಚ್ಚು ಬಿಚ್ಚಿದಾಗ ಒಳಗಿನ ನಾಲಿಗೆ ಹೊರಗೆ ಬಂತು. ನೂರು ವರ್ಷ ಗಾಳಿ ಬೆಳಕು ಕಾಣದ ಮರ. ಹೊರಗೆಲ್ಲ ಕಪ್ಪಾದ ಸಾಗವಾನಿ ಅಲ್ಲಿ ಮಾತ್ರ ಇವತ್ತು ಕೊಯ್ದ ಹಾಗೆ ಜೇನಿನ ಬಣ್ಣ. ಅದರ ಮೇಲೆ ಎರಡು ಗೀರು, ಕೂದಲಿನಷ್ಟು ಸಣ್ಣ, ಒಂದಕ್ಕೊಂದು ಸಮ. ತೂತಿನ ಕಡೆಯೂ ಅದೇ ಎರಡು ಗೀರು, ಎರಡು ಬೆರಳು ಮುಂದೆ ಹೋಗಿ ನಿಂತಿದ್ದವು. ಗರಗಸ ಗೀರನ್ನ ಮುಟ್ಟಿತ್ತು, ದಾಟಿರಲಿಲ್ಲ. ನಾಲಿಗೆಯ ಬುಡದಲ್ಲಿ, ಭುಜದ ಹತ್ತಿರ, ಅಡ್ಡ ಗೀರು ಮಾತ್ರ ಅಲಗಿನದು, ಮಾಸ್ತರ್ ಹೇಳಿದ ಹಾಗೆ ಒಂದು ನಾರೂ ಹರಿದಿರಲಿಲ್ಲ. ಪಕ್ಕದಲ್ಲಿ ಉಳಿಯಿಂದ ಹೊಡೆದ ಮೂರು ಗೆರೆ, ಎದುರಿನ ತುಂಡಿನ ಮೇಲೂ ಮೂರು ಗೆರೆ. ಯಾವ ನಾಲಿಗೆ ಯಾವ ತೂತಿಗೆ ಅನ್ನೋ ಗುರುತು. ನಾವು ನವನಗರದಲ್ಲಿ ತಿರುಗಿ ಜೋಡಿಸಿದ್ದು ಆ ಗುರುತಿನಿಂದಲೇ.

ಆ ಬಡಿಗರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮನೆ ಕಟ್ಟಿಸಿದ ಮುತ್ತಜ್ಜನ ಹೆಸರು ಬಾಗಿಲ ಮೇಲೆ ಕೆತ್ತಿದೆ. ಮಾಡಿದವರದು ಈ ಗೀರು ಮಾತ್ರ. ಓಣಿ ಹೋಯಿತು, ಬಾವಿ ಹೋಯಿತು, ಆಡಿದ ಕಟ್ಟೆ ಹೋಯಿತು. ಚೌಕಟ್ಟು ಇದೆ. ಜೋಡಿಸುವ ಮೊದಲು ಅಪ್ಪ ಆ ಗೀರಿನ ಮೇಲೆ ಒಮ್ಮೆ ಉಗುರು ಆಡಿಸಿದರು, ಏನೂ ಮಾತಾಡಲಿಲ್ಲ.

ತಮ್ಮಾ, ಎರಡು ಮೊಳೆಯ ಗೇಜನ್ನ ಕೊಡಬೇಡಿ.

ಬೈಲಹೊಂಗಲ_ಮೊಮ್ಮಗ

ಅಣ್ಣಾರೆ, ನಿಮ್ಮ ಬರಹ ಅವ್ವನಿಗೆ ಓದಿ ಹೇಳಿದೆ. ಯಾವುದನ್ನೂ ಕೊಡಲ್ಲ.

ಈಗ ಬಳಸೋಕೆ ಕಲಿಯಬೇಕು. ಒಂದು ಮೊಳೆಯ ಗೇಜ್ ತಗೊಂಡು ಸಾಗವಾನಿ ತುಂಡಿನ ಮೇಲೆ ಎಳೆದೆ. ಗೀರು ಅಂಕುಡೊಂಕಾಗಿ ನಾರಿನ ಹಿಂದೆ ಓಡಿಹೋಯಿತು. ಮೊಳೆಗೆ ತುಕ್ಕೂ ಇದೆ. ಮರ ಒಣಗಿ ಬಿಳಚಿದೆ. ಎಲ್ಲಿಂದ ಶುರು ಮಾಡಲಿ?

ಮುಧೋಳ_ಚಕ್ಕಡಿ

ಕಾಕಾ ಹೇಳಿದ್ದನ್ನ ಬರೆಯುತ್ತೇನೆ. ಮೊಳೆ ಜಾಸ್ತಿ ಹೊರಗೆ ಬಂದಿರುತ್ತೆ, ಅದೇ ಮೊದಲ ತಪ್ಪು. ಒಂದು ಮಿಲಿಮೀಟರ್ ಚಾಚಿದರೆ ಸಾಕು. ಸಣ್ಣ ಅರದಿಂದ ಅದನ್ನ ದಬ್ಬಣದ ಹಾಗೆ ದುಂಡಗೆ ಮಾಡಬೇಡಿ, ಚಾಕುವಿನ ತುದಿಯ ಹಾಗೆ ಚಪ್ಪಟೆ ಮಾಡಿ. ಆ ಚಪ್ಪಟೆ ತುದಿ ಕೂದಲೆಳೆಯಷ್ಟು ಓರೆ ಇರಲಿ, ಎಳೆದಾಗ ದಿಮ್ಮಿ ಮರದ ಕಡೆಗೆ ಜಗ್ಗುವ ಹಾಗೆ. ಓರೆ ಉಲ್ಟಾ ಆದರೆ ಗೇಜ್ ಮರದಿಂದ ದೂರ ಓಡುತ್ತೆ.

ಎಳೆಯುವಾಗ ಗೇಜನ್ನ ಸ್ವಲ್ಪ ಮುಂದಕ್ಕೆ ಹೊರಳಿಸಿ, ಮೊಳೆ ಹಿಂದೆ ಹಿಂದೆ ಬರಬೇಕು. ಮೊದಲ ಸಲ ಕಂಡೂ ಕಾಣದ ಹಾಗೆ. ಎರಡನೇ ಸಲ ಸ್ವಲ್ಪ ಒತ್ತಿ. ಮೂರನೇ ಸಲಕ್ಕೆ ಗೀರು. ಒಂದೇ ಸಲಕ್ಕೆ ಆಳ ಮಾಡಲು ಹೋದರೆ ನಾರು ಗೆಲ್ಲುತ್ತೆ. ಬಲವೆಲ್ಲ ದಿಮ್ಮಿಯನ್ನ ಅಂಚಿಗೆ ಒತ್ತುವುದರಲ್ಲಿ ಇರಬೇಕು, ಮೊಳೆಯನ್ನ ಕೆಳಗೆ ಒತ್ತುವುದರಲ್ಲಿ ಅಲ್ಲ.

ಇಂಡಿ_ಕುಸುಬಿ_ಹೊಲ

ಎಣ್ಣೆಯ ಬಗ್ಗೆ ನಾನು ಹೇಳುತ್ತೇನೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅವು ಮರದ ಮೇಲೆ ಒಣಗಿ ಗಟ್ಟಿಯಾಗಲ್ಲ, ಧೂಳು ಹಿಡಿದು ಜಿಗುಟಾಗುತ್ತವೆ. ಅಗಸೆ ಎಣ್ಣೆ ಒಣಗುತ್ತೆ. ಕುಸುಬಿ ಎಣ್ಣೆಯೂ ಒಣಗುತ್ತೆ, ಆದರೆ ನಿಧಾನ. ಎರಡೂ ನಮ್ಮ ಎರೆಹೊಲದ ಹಿಂಗಾರಿ ಬೆಳೆಗಳೇ. ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಕಾಲು ತಾಸು ಬಿಟ್ಟು ಪೂರ್ತಿ ಒರೆಸಿ. ಕೆಲವು ದಿನ ನೆರಳಲ್ಲಿ ಒಣಗಲಿ, ಆಮೇಲೆ ಬೇಕಿದ್ದರೆ ಇನ್ನೊಮ್ಮೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತೆ, ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡು ತಾನಾಗಿ ಬೆಂಕಿ ಹತ್ತಿಕೊಳ್ಳುತ್ತೆ. ಬಟ್ಟೆಯನ್ನ ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಇದನ್ನ ದಯವಿಟ್ಟು ಮರೆಯಬೇಡಿ.

ತುಕ್ಕಿಗೆ ಹುಣಸೆ ನೀರು ನಡೆಯುತ್ತೆ. ಆದರೆ ಮೊಳೆ, ಅಲಗನ್ನ ಮರದಿಂದ ಬಿಚ್ಚಿ ಅದ್ದಬೇಕು. ಕಬ್ಬಿಣ ಕರಗಿದ ಹುಳಿನೀರು ಸಾಗವಾನಿ, ಜಾಲಿಯಂಥ ಒಗರಿನ ಮರಕ್ಕೆ ಬಿದ್ದರೆ ಕಪ್ಪು ಕಲೆ ಕೂರುತ್ತೆ. ತುಕ್ಕು ಬಿಟ್ಟ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಒಣಗಿಸಿ. ಬಿಚ್ಚಲು ಬರದಿದ್ದರೆ ಬಿಡಿ, ಮರಳು ಕಾಗದದ ಚೂರು ಸಾಕು.

ಐಟಿಐ_ಮಾಸ್ತರ, ವಿಜಯಪುರ

ಮೂಲೆಮಟ್ಟವನ್ನ ನಂಬುವ ಮೊದಲು ಪರೀಕ್ಷೆ ಮಾಡು. ನೇರ ಅಂಚಿನ ಹಲಗೆಗೆ ಅದನ್ನ ಒತ್ತಿ ಚಾಕುವಿನಿಂದ ಗೀರು ಹಾಕು. ಮೂಲೆಮಟ್ಟವನ್ನ ಮಗುಚಿ ಅದೇ ಜಾಗದಿಂದ ಇನ್ನೊಂದು ಗೀರು. ಎರಡೂ ಒಂದರ ಮೇಲೊಂದು ಬಿದ್ದರೆ ಸರಿ ಇದೆ. ಕವಲೊಡೆದರೆ, ಕವಲಿನ ಅಗಲದ ಅರ್ಧ ಅದರ ತಪ್ಪು. ಮರದ ಹಿಡಿ ಇದ್ದರೆ ಸುತ್ತಿಗೆ ತರಬೇಡ. ಅಲಗಿನ ಅಂಚನ್ನ ಅರದಿಂದ ಸ್ವಲ್ಪ ಸ್ವಲ್ಪ ತೆಗೆಯುತ್ತಾ ನೋಡಬೇಕು.

ಬೈಲಹೊಂಗಲ_ಮೊಮ್ಮಗ

ಮೂರು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಭಾನುವಾರ ಮಾತ್ರ ಸಮಯ ಸಿಗುತ್ತೆ.

ಮೊಳೆ ಚಪ್ಪಟೆ ಮಾಡಿದೆ. ಮೂರನೇ ಎಳೆತಕ್ಕೆ ಗೀರು ನೇರ ಬಂತು, ನಂಬಿ, ನಾನು ಅವ್ವನನ್ನ ಕೂಗಿ ಕರೆದೆ. ಮೂಲೆಮಟ್ಟ ಸರಿ ಇದೆ, ಎರಡು ಗೀರು ಒಂದೇ ಆದವು. ಕಪ್ಪು ಗೇಜಿಗೆ ಅಗಸೆ ಎಣ್ಣೆ ಒಂದೇ ಕೈ ಹಚ್ಚಿದೆ, ನೇರಳೆ ಬಣ್ಣ ಎದ್ದು ಬಂತು. ಬೀಟೆಯೇ. ಅಚ್ಚು ಮುಟ್ಟಿಲ್ಲ. ಬಟ್ಟೆ ನೀರಲ್ಲಿ ಹಾಕಿದೆ.

ಬೇವಿನ ತುಂಡಿನ ಮೇಲೆ ಎಂಟು ಮೂಲೆ ಮಾಡಿದೆ. ಆರು ಮಗ್ಗುಲು ಸಮ ಬಂದವು, ಎರಡು ಅರ್ಧ ಸೂತ್ ಹೆಚ್ಚುಕಮ್ಮಿ. ಗೀರಿನ ತಪ್ಪಲ್ಲ, ನನ್ನ ರಂದಾ ಗೀರು ದಾಟಿತ್ತು.

ಇನ್ನೊಂದು ವಿಷಯ. ನಮ್ಮ ಪಡಸಾಲೆಯಲ್ಲಿ ಎರಡು ಕಂಬ ಇವೆ. ಬುಡ ಚೌಕ, ನಡುವೆ ಎಂಟು ಮೂಲೆ. ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದೇನೆ. ಯಾರು ಮಾಡಿದ್ದು ಅಂತ ಕೇಳಬೇಕು ಅಂತಲೂ ಅನ್ನಿಸಿರಲಿಲ್ಲ. ನವನಗರದ ಅಣ್ಣಾರು ಗೀರು ತೂತಿನಿಂದ ಎರಡು ಬೆರಳು ಮುಂದೆ ಹೋಗಿ ನಿಂತಿತ್ತು ಅಂತ ಬರೆದದ್ದು ತಲೆಯಲ್ಲಿ ಉಳಿದಿತ್ತು. ನಿನ್ನೆ ಕಂಬದ ಬುಡದಲ್ಲಿ, ಎಂಟು ಮೂಲೆ ಮುಗಿದು ಚೌಕ ಶುರುವಾಗೋ ಜಾಗದಲ್ಲಿ, ಹಳೇ ಬಣ್ಣ ಉಗುರಿನಿಂದ ಕೆರೆದೆ. ಎರಡು ಗೀರು ಚೌಕದ ಮೇಲೆ ಒಂದು ಇಂಚು ಇಳಿದು ನಿಂತಿವೆ.

ಕೋಲು ತಂದು ಕಂಬಕ್ಕೆ ಇಟ್ಟೆ. ಗೂಟ ಎರಡೂ ಬದಿಗೆ ತಾಗೋವರೆಗೆ ಓರೆ ಮಾಡಿದೆ. ಎರಡು ಮೊಳೆ ಎರಡು ಗೀರಿನಲ್ಲಿ ಕೂತವು.

ಅವ್ವ ಪಕ್ಕದಲ್ಲೇ ನಿಂತಿದ್ದಳು. ನಾನೂ ಒಮ್ಮೆ ಹಿಡಿಯಲಾ ಅಂತ ಕೇಳಿ ಕೋಲು ಇಸಿದುಕೊಂಡಳು.